ಚಾಡಿ ಹೇಳುವವರಿಗಿಂತ ಕೇಳುವವರದೇ ಜಾಸ್ತಿ ತಪ್ಪು

ಪ್ರತಿ ಓಣಿಯಲ್ಲೂ ಚಾಡಿ ಹೇಳುವವರು ಯಾರು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆಫೀಸಿನಲ್ಲೂ ಗೊತ್ತಿರುತ್ತದೆ, ಬೀಗರ ಮನೆಯಲ್ಲೂ ಗೊತ್ತಿರುತ್ತದೆ. ಆದರೆ ಆ ಚಾಡಿ ಕೇಳುವವರು ಯಾರು ಅಂದರೆ ಒಬ್ಬರ ಹೆಸರೂ ಸಿಗುವುದಿಲ್ಲ. ಹೇಳುವವರು ದಿನವಿಡೀ ಹೇಳುತ್ತಲೇ ಇರುತ್ತಾರೆ, ಕೇಳಿದವರು ಮಾತ್ರ ಊರಲ್ಲಿ ಯಾರೂ ಇಲ್ಲ. ಹಾಗಾದರೆ ಅಷ್ಟು ಮಾತು ಹೋಗಿ ಸೇರಿದ್ದಾದರೂ ಎಲ್ಲಿಗೆ?

ಮನುಷ್ಯರ ಸ್ವಭಾವ ಗಮನಿಸುವುದು ನನಗೆ ಮೊದಲಿನಿಂದಲೂ ಇಷ್ಟ. ಜಂಬ, ಜಿಪುಣತನ, ಮುಂಗೋಪ, ಸೋಮಾರಿತನ ಎಲ್ಲವನ್ನೂ ನೋಡಿದ್ದೇನೆ. ಇವುಗಳಲ್ಲಿ ಬಹಳಷ್ಟು ಮೊದಲು ಸುಡುವುದು ಆ ಗುಣ ಇದ್ದವರನ್ನೇ. ಜಿಪುಣ ತಾನೇ ಉಣ್ಣುವುದಿಲ್ಲ, ಮುಂಗೋಪಿಗೆ ತನ್ನದೇ ಬಿಪಿ ಏರುತ್ತದೆ. ಚಾಡಿ ಹಾಗಲ್ಲ. ಅದು ಎದುರಿಗೆ ಇಲ್ಲದವರನ್ನು ಸುಡುತ್ತದೆ. ತಮಗೆ ಬೆಂಕಿ ಬಿದ್ದಿದೆ ಅಂತ ಅವರಿಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಅದಕ್ಕೇ ನನಗೆ ಉಳಿದೆಲ್ಲ ದೋಷಗಳಿಗಿಂತ ಇದರ ಮೇಲೆ ಸಿಟ್ಟು ಜಾಸ್ತಿ.

ಚಾಡಿ ಯಾವತ್ತೂ ಚಾಡಿಯ ವೇಷದಲ್ಲಿ ಬರುವುದಿಲ್ಲ. ಹೆಚ್ಚಾಗಿ ಕಾಳಜಿಯ ವೇಷ ಹಾಕಿಕೊಂಡು ಬರುತ್ತದೆ. "ಪಾಪ, ಆಕಿ ಮಗಾ ಮತ್ತ ಫೇಲ್ ಆಗ್ಯಾನಂತ್ರಿ, ಕೇಳಿ ನನಗ ರಾತ್ರಿ ಊಟಾನೇ ಸೇರಲಿಲ್ಲ" ಅನ್ನುತ್ತಾರೆ. ಊಟ ಸೇರದವರು ಬೆಳಗ್ಗೆ ಎದ್ದು ಮಾಡುವ ಮೊದಲ ಕೆಲಸ ಆ ಸುದ್ದಿಯನ್ನು ನಾಲ್ಕು ಮನೆಗೆ ಮುಟ್ಟಿಸುವುದು. ಕೆಲವೊಮ್ಮೆ ಹೊಗಳಿಕೆಯ ವೇಷ. "ಮನುಷ್ಯ ಭಾಳ ಚಲೋ ಅದಾನ, ಖರೆ, ಆದ್ರ..." ಆ 'ಆದ್ರ' ಆದಮೇಲೆ ಬರುವುದನ್ನು ಹೇಳಲಿಕ್ಕೇ ಅವರು ಬಂದಿರುತ್ತಾರೆ. ಇನ್ನು ಕೆಲವರು ಏನನ್ನೂ ಹೇಳುವುದೇ ಇಲ್ಲ, ಬರೀ ಕೇಳುತ್ತಾರೆ. "ಹೌದೇನ್ರಿ, ಅಣ್ಣ ತಮ್ಮ ಇಬ್ಬರೂ ಮಾತಾಡ್ಲತ್ತಿಲ್ಲಂತ?" ಪ್ರಶ್ನೆ ಕೇಳಿದವರ ಮೇಲೆ ಜವಾಬ್ದಾರಿ ಬರುವುದಿಲ್ಲ ನೋಡಿ. ನಾಳೆ ಅದು ಸುಳ್ಳು ಅಂತಾದರೆ "ನಾ ಸುಮ್ನ ಕೇಳೀನಿ" ಅಂದು ಎದ್ದು ಹೋಗಬಹುದು.

ಇವರನ್ನು ಗುರುತಿಸುವುದು ಕಷ್ಟವಲ್ಲ. ನೋಡಬೇಕಾದದ್ದು ಎದುರಿಗೆ ಕೂತವರನ್ನು. ಮದುವೆ ಮನೆಯಲ್ಲಿ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ ಒಮ್ಮೆ ಗಮನಿಸಿ. "ನಮಗ್ಯಾಕ ಬೇಕ್ರಿ ಮಂದಿ ಸುದ್ದಿ" ಅನ್ನುತ್ತಲೇ ಪ್ಲಾಸ್ಟಿಕ್ ಕುರ್ಚಿಯನ್ನು ಒಂದು ಗೇಣು ಮುಂದಕ್ಕೆ ಎಳೆದುಕೊಳ್ಳುತ್ತಾರೆ. "ಛೇ, ಹಂಗಿರಲಿಕ್ಕಿಲ್ಲ ಬಿಡ್ರಿ" ಅನ್ನುತ್ತಾರೆ. ಆಮೇಲೆ ಸುಣ್ಣ ಹಚ್ಚುವ ಬೆರಳು ಎಲೆಯ ಮೇಲೇ ನಿಲ್ಲುತ್ತದೆ. "ಮುಂದೇನಾತು?" ಅನ್ನುತ್ತಾರೆ. ಹೇಳುವವರಿಗೆ ಅಷ್ಟು ಸಾಕು. ಕೇಳುವವರು ಎಲೆ ಮಡಚಿ ಬಾಯಿಗಿಟ್ಟು ಎದ್ದು ಹೋಗಿದ್ದರೆ ಆ ಮಾತು ಅಲ್ಲೇ ಸತ್ತುಹೋಗುತ್ತಿತ್ತು.

ಯಾಕೆ ಎದ್ದು ಹೋಗುವುದಿಲ್ಲ? ನನಗೆ ತಿಳಿದ ಮಟ್ಟಿಗೆ ಮುಖ್ಯ ಕಾರಣ ಹೊಟ್ಟೆಕಿಚ್ಚು. ಅದೂ ದೂರದವರ ಮೇಲಲ್ಲ. ಮುಂಬೈಯಲ್ಲಿ ಯಾರೋ ನೂರು ಕೋಟಿಯ ಮನೆ ಕಟ್ಟಿಸಿದರೆ ನಮಗೆ ನಿದ್ದೆ ಕೆಡುವುದಿಲ್ಲ. ನಮ್ಮ ಜೊತೆಗೇ ನೌಕರಿಗೆ ಸೇರಿದವರು ಮನೆ ಮೇಲೆ ಇನ್ನೊಂದು ಅಂತಸ್ತು ಏರಿಸಿದರೆ ಕೆಡುತ್ತದೆ. ಸಮಾನರು ಅಂದುಕೊಂಡವರು ಒಂದು ಮೆಟ್ಟಿಲು ಮೇಲೆ ಹೋದಾಗ, ಅವರು ಸರಿಯಾದ ದಾರಿಯಲ್ಲಿ ಹೋಗಿಲ್ಲ ಅಂತ ಯಾರಾದರೂ ಹೇಳಿದರೆ ಸಾಕು, ಎದೆ ಸ್ವಲ್ಪ ಹಗುರಾಗುತ್ತದೆ. ಆ ಹಗುರ ಬೇಕಾಗಿಯೇ ಕಿವಿ ಕೊಡುತ್ತೇವೆ. ಇನ್ನೊಂದು ಕಾರಣವೂ ಇದೆ. "ನಿಮಗೊಬ್ಬರಿಗೇ ಹೇಳ್ಲತ್ತೀನಿ" ಅನ್ನುವ ಮಾತಿನ ರುಚಿ. ಊರಿಗೇ ಗೊತ್ತಿಲ್ಲದ್ದು ನನಗೆ ಗೊತ್ತು ಅನ್ನುವುದು ಯಾರಿಗೆ ಬೇಡ?

ಇದೆಲ್ಲ ಸಣ್ಣ ಜನರ ಸಣ್ಣ ಮಾತು ಅಂತ ನಿಮಗೆ ಅನಿಸಬಹುದು. ಹಾಗೆ ಅನಿಸಿದವರನ್ನು ನಾನು ನಮ್ಮ ಬೀದರಿಗೆ ಕರೆಯುತ್ತೇನೆ. ಊರ ನಡುವಿನ ಚೌಬಾರಾ ಗೋಪುರದಿಂದ ಕೋಟೆ ಕಡೆ ಹೊರಟರೆ ದಾರಿಯಲ್ಲೇ ಮಹಮೂದ್ ಗವಾನನ ಮದರಸಾ ಸಿಗುತ್ತದೆ. ಮೂರು ಅಂತಸ್ತಿನ ಕಟ್ಟಡ, 1472ರದ್ದು. ಎರಡು ಮಿನಾರು ಇದ್ದವು, ಈಗ ಒಂದೇ ಉಳಿದಿದೆ. ಔರಂಗಜೇಬನ ಕಾಲದಲ್ಲಿ ಸಿಡಿಮದ್ದು ಸ್ಫೋಟಿಸಿ ಮುಂಭಾಗದ ಒಂದು ಕಡೆ ಬಿದ್ದುಹೋಯಿತು. ಉಳಿದ ಗೋಡೆಯ ಮೇಲೆ ನೀಲಿ ಹೆಂಚಿನ ತುಣುಕುಗಳು ಇನ್ನೂ ಇವೆ. ಶಾಲೆ ಮಕ್ಕಳನ್ನು ಪ್ರವಾಸಕ್ಕೆ ಕರೆತಂದು ಕಟ್ಟಿಸಿದ ವರ್ಷ ಹೇಳುತ್ತಾರೆ. ಕಟ್ಟಿಸಿದವನು ಹೇಗೆ ಸತ್ತ ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ. ನನ್ನ ಪ್ರಕಾರ ಅದನ್ನೇ ಮೊದಲು ಹೇಳಬೇಕು.

ಗವಾನ್ ಹೊರಗಿನವನು. ಪರ್ಷಿಯಾದ ಗಿಲಾನ್ ಕಡೆಯಿಂದ ವ್ಯಾಪಾರಕ್ಕೆ ಅಂತ ಬಂದವನು, 1453ರ ಸುಮಾರಿಗೆ. ಆಗ ಅವನಿಗೆ ನಲವತ್ತು ದಾಟಿತ್ತು. ಬಹಮನಿ ಸುಲ್ತಾನರ ಆಸ್ಥಾನದಲ್ಲಿ ಮೇಲೇರುತ್ತ ಪ್ರಧಾನಿಯೇ ಆದ. ಮೂರನೇ ಮಹಮದ್ ಷಾ ಚಿಕ್ಕ ಹುಡುಗನಾಗಿ ಗದ್ದುಗೆ ಏರಿದಾಗಿನಿಂದ ರಾಜ್ಯದ ಭಾರ ಹೊತ್ತವರಲ್ಲಿ ಇವನೂ ಒಬ್ಬ. ಗೋವಾ ಗೆದ್ದುಕೊಟ್ಟ. ಅಲ್ಲಿಯವರೆಗೂ ಎಲ್ಲ ಸರಿ ಇತ್ತು. ತೊಂದರೆ ಶುರುವಾದದ್ದು ಅವನು ಲೆಕ್ಕ ಕೇಳಲು ಹೊರಟಾಗ. ನಾಲ್ಕು ದೊಡ್ಡ ಪ್ರಾಂತಗಳನ್ನು ಎಂಟು ಮಾಡಿದ. ಒಬ್ಬ ಪ್ರಾಂತಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ, ಉಳಿದ ಕೋಟೆಗಳು ಸುಲ್ತಾನನ ಕೈಯಲ್ಲಿ ಅಂದ. ಇಷ್ಟು ಸೈನಿಕರನ್ನು ಇಡುತ್ತೇನೆ ಅಂತ ಹಣ ಪಡೆದವನು ಅಷ್ಟು ಇಡದಿದ್ದರೆ ಹಣ ಕಡಿತ ಅಂದ. ಲೆಕ್ಕ ಕೇಳುವವರನ್ನು ಯಾವ ಕಾಲದಲ್ಲೂ ಯಾರೂ ಪ್ರೀತಿಸಿಲ್ಲ.

ಆಸ್ಥಾನದಲ್ಲಿ ಮೊದಲೇ ಎರಡು ಗುಂಪು ಇದ್ದವು. ಇಲ್ಲಿಯವರು, ಹೊರಗಿನಿಂದ ಬಂದವರು. ಇಲ್ಲಿಯವರ ಮುಂದಾಳು ಮಲಿಕ್ ಹಸನ್ ನಿಜಾಮ್ ಉಲ್ ಮುಲ್ಕ್. ಮುಂದೆ ನಡೆದದ್ದನ್ನು ಹಳೆಯ ಇತಿಹಾಸಕಾರರು ಬಿಡಿಬಿಡಿಯಾಗಿ ಬರೆದಿಟ್ಟಿದ್ದಾರೆ. ಗವಾನನ ಮುದ್ರೆ ಕಾಯುವ ಒಬ್ಬ ಗುಲಾಮನಿದ್ದ. ಅವನ ಜೊತೆ ಕೆಲವರು ಸ್ನೇಹ ಬೆಳೆಸಿದರು, ಉಡುಗೊರೆ ಕೊಟ್ಟರು, ಕುಡಿಸಿದರು. ಒಂದು ದಿನ ಮಡಚಿದ ಕಾಗದ ಮುಂದಿಟ್ಟು, ಇದು ಒಬ್ಬ ಗೆಳೆಯನ ಲೆಕ್ಕಪತ್ರ, ಎಲ್ಲರ ಮುದ್ರೆ ಬಿದ್ದಿದೆ, ನಿಮ್ಮದೊಂದು ಬಾಕಿ ಅಂದರು. ಅವನು ಬಿಚ್ಚಿಯೂ ನೋಡದೆ ಒತ್ತಿಕೊಟ್ಟ. ಒಳಗೆ ಖಾಲಿ ಹಾಳೆ ಇತ್ತು.

ಆ ಗುಲಾಮನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಅವನಿಗೆ ಯಜಮಾನನ ಮೇಲೆ ದ್ವೇಷ ಇತ್ತು ಅಂತ ಎಲ್ಲೂ ಇಲ್ಲ. ಕುಡಿದಿದ್ದ, ನಿಜ. ಅದರ ಜೊತೆಗೆ ಕುಡಿಸಿದವರ ಮುಂದೆ ಸಂಕೋಚವೂ ಇತ್ತು ಅಂತ ನನ್ನ ಊಹೆ. ಗೆಳೆಯರು ಕೇಳುವಾಗ ಬಿಚ್ಚಿ ತೋರಿಸಿ ಅನ್ನುವುದು ಹೇಗೆ? ನಂಬಿಕೆ ಇಲ್ಲ ಅಂದುಕೊಂಡಾರು. ಇವತ್ತಿಗೂ ಜಾಮೀನು ಕಾಗದಕ್ಕೆ ಓದದೇ ಸಹಿ ಹಾಕಿ ಮನೆ ಮಾರಿಕೊಂಡವರು ಇದೇ ಸಂಕೋಚಕ್ಕೆ ಸಿಕ್ಕವರು.

ಆ ಹಾಳೆಯ ಮೇಲೆ ಅವರು ಒಡಿಶಾದ ಗಜಪತಿ ರಾಜನಿಗೆ ಪತ್ರ ಬರೆದರು. ನಮ್ಮ ಸುಲ್ತಾನ ಕುಡುಕ, ಜನ ಬೇಸತ್ತಿದ್ದಾರೆ, ನೀನು ದಂಡೆತ್ತಿ ಬಾ, ಗೆದ್ದ ರಾಜ್ಯವನ್ನು ಇಬ್ಬರೂ ಹಂಚಿಕೊಳ್ಳೋಣ ಅನ್ನುವ ಅರ್ಥದ ಪತ್ರ. ಅದನ್ನು ಸುಲ್ತಾನನ ಕೈಗಿಟ್ಟ ಸಮಯವನ್ನೂ ಗಮನಿಸಿ. ಗವಾನನಿಗೆ ಮಗನಂತೆ ಇದ್ದ ಯೂಸುಫ್ ಆದಿಲ್ ಖಾನ್ ಆಗ ದಂಡಯಾತ್ರೆಗೆ ಹೋಗಿದ್ದ, ಹತ್ತಿರ ಇರಲಿಲ್ಲ. ಚಾಡಿ ಯಾವಾಗಲೂ ಹೀಗೆಯೇ. ನಮ್ಮ ಪರ ಒಂದು ಮಾತು ಆಡುವವರು ಊರಲ್ಲಿ ಇಲ್ಲದ ದಿನವನ್ನು ಹುಡುಕಿಕೊಂಡು ಬರುತ್ತದೆ.

1481ರ ಏಪ್ರಿಲ್. ಈಗಿನ ಆಂಧ್ರದ ಕೊಂಡಪಲ್ಲಿಯಲ್ಲಿ ಸುಲ್ತಾನನ ಬಿಡಾರ. ಗವಾನನಿಗೆ ಕರೆ ಬಂತು. ಹೋಗಬೇಡ, ತಪ್ಪಿಸಿಕೊಂಡು ಗುಜರಾತಿಗೆ ಹೋಗು, ಕುದುರೆ ಸಿದ್ಧ ಇವೆ ಅಂತ ಆಪ್ತರು ಹೇಳಿದರಂತೆ. ತಪ್ಪು ಮಾಡದವನಿಗೆ ಓಡುವ ಕೆಲಸ ಏನು ಅಂತ ಅವನು ನೇರ ಹೋದ. ಸುಲ್ತಾನ ಕುಡಿದಿದ್ದ. ಸ್ವಾಮಿದ್ರೋಹ ಮಾಡಿದ ಸೇವಕನಿಗೆ ಏನು ಶಿಕ್ಷೆ ಅಂತ ಕೇಳಿದ. ಕತ್ತಿಯೇ ಶಿಕ್ಷೆ ಅಂದ ಮುದುಕ. ಆಗ ಪತ್ರ ತೋರಿಸಿದರು. ಮುದ್ರೆ ನನ್ನದು, ಪತ್ರ ನನ್ನದಲ್ಲ ಅಂದ. ಅಷ್ಟಕ್ಕೇ ಮುಗಿಯಿತು. ಎಪ್ಪತ್ತು ದಾಟಿದ ಪ್ರಧಾನಿಯ ತಲೆ ಅಲ್ಲೇ ಉರುಳಿತು.

ಇದರಲ್ಲಿ ನನ್ನನ್ನು ಕಾಡುವುದು ಮಲಿಕ್ ಹಸನ್ ಅಲ್ಲ. ಅಂಥವರು ಎಲ್ಲ ಆಸ್ಥಾನದಲ್ಲೂ ಇರುತ್ತಾರೆ, ಇರಲೇಬೇಕು ಅನ್ನುವ ಹಾಗೆ ಇರುತ್ತಾರೆ. ನನ್ನನ್ನು ಕಾಡುವುದು ಸುಲ್ತಾನ. ಮೂವತ್ತರ ಒಳಗಿನ ಹುಡುಗ, ಗವಾನನ ಕಣ್ಣೆದುರಿಗೇ ಬೆಳೆದವನು. ಮುದ್ರೆ ಕಾಯುವವನನ್ನು ಕರೆಸಿ ಅಂತ ಅನ್ನಲಿಲ್ಲ. ಈ ಪತ್ರ ಯಾರ ಕೈಯಲ್ಲಿ ಸಿಕ್ಕಿತು, ಎಲ್ಲಿ ಸಿಕ್ಕಿತು ಅಂತ ಕೇಳಲಿಲ್ಲ. ಒಂದು ರಾತ್ರಿ ಕಳೆಯಲಿ, ನಶೆ ಇಳಿಯಲಿ ಅಂತ ಕಾಯಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಳ್ಳಿಯ ಅಜ್ಜಿಗೂ ಗೊತ್ತಿರುವ ಮಾತು, ರಾಜ್ಯ ಆಳುವವನಿಗೆ ನೆನಪಾಗಲಿಲ್ಲ. ಯಾಕೆ? ನಾನು ಅಂದುಕೊಳ್ಳುವುದು ಇಷ್ಟು. ಅವನಿಗೆ ಆ ಮಾತು ಎಲ್ಲೋ ಒಳಗೆ ಮೊದಲೇ ಬೇಕಾಗಿತ್ತು. ಚಿಕ್ಕಂದಿನಿಂದ ದಾರಿ ತೋರಿಸಿದ ಹಿರಿಯನ ಋಣ ಬಹಳ ಭಾರ. ಹಿರಿಯನೇ ಮೋಸಗಾರ ಅಂತಾದರೆ ಋಣ ತೀರಿಸುವ ಕೆಲಸವೇ ಉಳಿಯುವುದಿಲ್ಲ. ನಮಗೆ ಉಪಕಾರ ಮಾಡಿದವರ ಮೇಲಿನ ಚಾಡಿಯನ್ನು ನಾವು ಬೇಗ ನಂಬುವುದಕ್ಕೆ ಇದೇ ಕಾರಣ ಇರಬೇಕು.

ಲೆಕ್ಕ ನೋಡಿದ್ದು ಆಮೇಲೆ. ಗವಾನನ ಖಜಾನೆ ತೆರೆಸಿದರು, ದೊಡ್ಡ ಸಂಪತ್ತು ಸಿಗುತ್ತದೆ ಅಂತ. ಸಿಕ್ಕಿದ್ದು ಅತ್ಯಲ್ಪ. ಅವನ ಗಳಿಕೆ ಸೈನಿಕರಿಗೆ, ಬಡವರಿಗೆ, ಪುಸ್ತಕಗಳಿಗೆ ಹೋಗಿತ್ತು. ಚಾಪೆಯ ಮೇಲೆ ಮಲಗುತ್ತಿದ್ದ, ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದ ಅಂತ ಬರೆದಿದ್ದಾರೆ. ಸುಲ್ತಾನನಿಗೆ ಪಶ್ಚಾತ್ತಾಪ ಆಯಿತು. ಒಂದು ವರ್ಷದೊಳಗೆ, 1482ರಲ್ಲಿ, ಅವನೂ ಸತ್ತ. ಮಲಿಕ್ ಹಸನ್‌ಗೆ ಬೇಕಾದ ಅಧಿಕಾರ ಸಿಕ್ಕಿತು, ಆದರೆ 1486ರಲ್ಲಿ ಇದೇ ಬೀದರಿನಲ್ಲಿ ಅವನನ್ನೂ ಕೊಂದರು. ರಾಜ್ಯ ಒಡೆದು ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀರಾರ್, ಬೀದರ್ ಅಂತ ಐದು ಚೂರಾಯಿತು. ಬಿಜಾಪುರವನ್ನು ಕಟ್ಟಿದವನು ಆ ದಿನ ಹತ್ತಿರ ಇರದ ಯೂಸುಫ್ ಆದಿಲ್ ಖಾನ್. ಗವಾನನ ಸಮಾಧಿ ಬೀದರಿನ ಹೊರಗೆ ಗೋರನಳ್ಳಿಯಲ್ಲಿದೆ. ಮದರಸಾಕ್ಕೆ ಬರುವ ಜನ ಅಲ್ಲಿಗೆ ಹೋಗುವುದು ಕಡಿಮೆ. ಹೋಗಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಕಥೆ ಇದೆ, ಇದಕ್ಕಿಂತ ಮುನ್ನೂರು ವರ್ಷ ಹಿಂದಿನದು. ಬಸವಕಲ್ಯಾಣದ್ದು. ಬಸವಣ್ಣ ಬಿಜ್ಜಳನ ಭಂಡಾರಿ. ಭಂಡಾರದ ಹಣವನ್ನು ಶರಣರ ದಾಸೋಹಕ್ಕೆ ಸುರಿಯುತ್ತಿದ್ದಾನೆ ಅಂತ ರಾಜನ ಕಿವಿ ಊದಿದವರಿದ್ದರು. ಕೊಂಡೆಯ ಮಂಚಣ್ಣ ಅನ್ನುವ ಹೆಸರು ಇವತ್ತಿಗೂ ನಮ್ಮ ಕಡೆ ಪುರಾಣ ಪ್ರವಚನಗಳಲ್ಲಿ ಬರುತ್ತದೆ. ಬಿಜ್ಜಳ ಏನು ಮಾಡಿದ? ಕೇಳಿದ, ಅದು ನಿಜ. ಆದರೆ ಬಸವಣ್ಣನನ್ನೇ ಕರೆಸಿದ. ಭಂಡಾರ ತೆಗೆಸಿ ಎಣಿಸಿದ. ಲೆಕ್ಕ ಸರಿ ಇತ್ತು. ಶರಣರ ಕಥೆಗಳು ಹೇಳುವುದು ಹೀಗೆ. ಅಲ್ಲಿ ಎಣಿಕೆ ಮೊದಲು ಆಯಿತು, ಕೊಂಡಪಲ್ಲಿಯಲ್ಲಿ ಆಮೇಲೆ ಆಯಿತು. ಒಂದು ತಲೆ ಉಳಿಯುವುದಕ್ಕೂ ಉರುಳುವುದಕ್ಕೂ ಇದ್ದ ವ್ಯತ್ಯಾಸ ಅಷ್ಟೇ.

ಅಷ್ಟಕ್ಕೆ ಬಿಜ್ಜಳನನ್ನು ಹೊಗಳಿ ಮುಗಿಸಲು ಬರುವುದಿಲ್ಲ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದ ಮಧುವರಸನ ಮಗಳಿಗೂ ಮದುವೆಯಾದಾಗ ಅದೇ ಬಾಯಿಗಳು ಮತ್ತೆ ಅದೇ ಕಿವಿಗೆ ಬಂದವು. ಈ ಸಲ ಅವರು ಹೇಳಿದ್ದು ಸುಳ್ಳಲ್ಲ. ಮದುವೆ ಆಗಿತ್ತು, ಎಲ್ಲರೆದುರಿಗೇ ಆಗಿತ್ತು. ಎಣಿಸಿ ನೋಡಲು ಭಂಡಾರ ಇರಲಿಲ್ಲ. ಕುಲ ಕೆಟ್ಟಿತು, ಧರ್ಮ ಹೋಯಿತು ಅನ್ನುವ ಹೆದರಿಕೆಯನ್ನು ನಿಜದ ಜೊತೆ ಕಟ್ಟಿ ಕೊಟ್ಟರು. ಬಿಜ್ಜಳ ಆ ಹೆದರಿಕೆಯನ್ನು ನಂಬಿ ಅಪ್ಪಂದಿರಿಬ್ಬರಿಗೂ ಎಳೆಹೂಟೆ ಶಿಕ್ಷೆ, ಅಂದರೆ ಆನೆಯ ಕಾಲಿಗೆ ಕಟ್ಟಿ ಎಳೆಸಿ ಕೊಲ್ಲುವ ಶಿಕ್ಷೆ ಕೊಟ್ಟ. ಕಲ್ಯಾಣ ಹೊತ್ತಿ ಉರಿಯಿತು, ಬಿಜ್ಜಳನೂ ಉಳಿಯಲಿಲ್ಲ. ಚಾಡಿ ಅಂದರೆ ಸುಳ್ಳು ಅಂತ ನಾವು ತಿಳಿದಿದ್ದೇವೆ. ಹಾಗೇನೂ ಇಲ್ಲ. ನಿಜವನ್ನೇ ಹೇಳಿ ಮನೆ ಮುರಿಯುವವರು ಬೇಕಾದಷ್ಟು ಜನ ಇದ್ದಾರೆ. ಸುಳ್ಳು ಹೇಳಿದವರು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾರೆ, ಇವರು ಸಿಕ್ಕಿಬೀಳುವುದಿಲ್ಲ.

ಮುದ್ರೆ ನಿಜ, ಪತ್ರ ಸುಳ್ಳು. ಗವಾನನ ಆ ಮಾತು ಈಗ ಪ್ರತಿ ಮೊಬೈಲಿನಲ್ಲೂ ನಡೆಯುತ್ತಿದೆ. ವಾಟ್ಸಪ್ಪಿನಲ್ಲಿ ಯಾರದೋ ಮೆಸೇಜಿನ ಸ್ಕ್ರೀನ್‌ಶಾಟ್ ಬರುತ್ತದೆ. ಮೇಲೆ ಹೆಸರು ಅವರದೇ, ಫೋಟೊ ಅವರದೇ. ಅದಕ್ಕೆ ಮೊದಲು ನಡೆದ ಮಾತು ಇಲ್ಲ, ಆಮೇಲಿನ ಮಾತೂ ಇಲ್ಲ. ಫೋನಿನಲ್ಲಿ ಆಡಿದ ಮಾತನ್ನು ರೆಕಾರ್ಡ್ ಮಾಡಿ, ಹಿಂದು ಮುಂದು ಕತ್ತರಿಸಿ, ನಡುವಿನ ಅರ್ಧ ನಿಮಿಷ ಕಳಿಸುತ್ತಾರೆ. ದನಿ ಅವರದೇ ಅಲ್ವಾ ಅನ್ನುತ್ತಾರೆ. ಹೌದು, ದನಿ ಅವರದೇ. ಸಂಬಂಧಗಳು ಇಂಥ ಅರ್ಧ ನಿಮಿಷಕ್ಕೆ ಮುರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಗೆ ಕಂಡರೆ ಬೆಂಕಿ ಇದ್ದೇ ಇರಬೇಕು ಅನ್ನುವವರಿಗೆ ನನ್ನದೊಂದೇ ಪ್ರಶ್ನೆ. ಆ ಬೆಂಕಿ ಹಚ್ಚಿದವರು ಯಾರು ಅಂತ ಯಾಕೆ ಕೇಳುವುದಿಲ್ಲ?

ಒಂದು ಮಾತು ಇಲ್ಲಿ ಹೇಳಲೇಬೇಕು. ತನಗಾದ ಅನ್ಯಾಯ ಹೇಳಿಕೊಳ್ಳುವವರನ್ನು ಚಾಡಿಕೋರರು ಅಂತ ಬಾಯಿ ಮುಚ್ಚಿಸುವವರೂ ಇದ್ದಾರೆ. ಅದು ದೊಡ್ಡ ಅನ್ಯಾಯ. ಅತ್ತೆ ಮನೆಯಲ್ಲಿ ಹೊಡೆತ ತಿಂದ ಹುಡುಗಿ ತವರಿಗೆ ಬಂದು ಹೇಳಿದರೆ ಅದು ಚಾಡಿಯಲ್ಲ. ಕೆಲಸದ ಜಾಗದಲ್ಲಿ ದುಡ್ಡು ತಿಂದವನ ಬಗ್ಗೆ ಬರೆದು ಸಹಿ ಹಾಕಿ ಕೊಟ್ಟರೆ ಅದು ಚಾಡಿಯಲ್ಲ. ಅವರು ತಮ್ಮ ಹೆಸರು ಹಾಕಿ ಹೇಳುತ್ತಾರೆ, ಎದುರಿಗೆ ಕರೆಸಿ ಅನ್ನುತ್ತಾರೆ. ಚಾಡಿಯಲ್ಲಿ ಹೇಳುವವರ ಹೆಸರು ಎಂದೂ ಇರುವುದಿಲ್ಲ. "ನಾ ಹೇಳೀನಂತ ಹೇಳಬ್ಯಾಡ್ರಿ" ಅನ್ನುವುದು ಅದರ ಕೊನೆಯ ಸಾಲು.

ನಮ್ಮ ಅವ್ವನ ಓಣಿಯಲ್ಲಿ ಹೆಣ್ಣುಮಕ್ಕಳದೊಂದು ಭಿಶಿ ಇದೆ. ತಿಂಗಳಿಗೊಮ್ಮೆ ಎಲ್ಲರೂ ದುಡ್ಡು ಹಾಕುತ್ತಾರೆ, ಚೀಟಿ ಎತ್ತುತ್ತಾರೆ, ಹೆಸರು ಬಂದವರಿಗೆ ಗಂಟು. ಲೆಕ್ಕ ಇಡುವುದು ಪಕ್ಕದ ಮನೆಯ ಕಾಕಿ. ಒಂದು ತಿಂಗಳು ಕಾಕಿಯ ಮಗ ಹೊಸ ಬೈಕು ತಂದ. ಅದೇ ವಾರ ಭಿಶಿಯ ದಿನ. ಕಾಕಿ ಇನ್ನೂ ಬಂದಿರಲಿಲ್ಲ. ಒಬ್ಬಾಕೆ ಮೆಲ್ಲಗೆ ಶುರು ಮಾಡಿದರು. "ಗಾಡಿ ಎಲ್ಲಿಂದ ಬಂತು ಅಂತ ಮಂದಿ ಕೇಳ್ಲತ್ತಾರ. ನಮ್ಮ ರೊಕ್ಕ ತಿರುಗ್ಯಾಡಸ್ಯಾಳೇನೋ ಅಂತ..." ಯಾರೂ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಎಲ್ಲರೂ ಸ್ವಲ್ಪ ಹತ್ತಿರ ಸರಿದರು. ನಾನು ಆ ದಿನ ಅವ್ವನ ಮನೆಯಲ್ಲೇ ಇದ್ದೆ, ಒಳಗೆ ಚಹಾ ಸೋಸುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

ಗೋಡೆಗೆ ಒರಗಿ ಕೂತಿದ್ದ ಎಲ್ಲರಿಗಿಂತ ಹಿರಿಯ ಆಯಿ ಬಾಯಿ ಬಿಟ್ಟರು. "ತಡಿಯವ್ವಾ. ಆಕಿ ಬರಲಿ, ಆಕಿ ಮುಂದೇ ಹೇಳು. ಆಕಿ ಇಲ್ದಾಗ ನನ್ನ ಕಿವಿ ಕೇಳಸಂಗಿಲ್ಲ." ಅಷ್ಟಂದು ಒಬ್ಬ ಹುಡುಗನನ್ನು ಕಳಿಸಿದರು, ವಹಿ ತೊಗೊಂಡು ಬಾ ಅಂತ ಹೇಳು ಅಂದರು. ಕಾಕಿ ಬಂದರು. ರೊಟ್ಟಿ ಬಡಿಯುತ್ತಿದ್ದವರು, ಕೈಗೆ ಜೋಳದ ಹಿಟ್ಟು ಹಾಗೇ ಇತ್ತು. ಆಯಿ ಸುತ್ತಿ ಬಳಸಿ ಮಾತಾಡಲಿಲ್ಲ. ರೊಕ್ಕದ ಬಗ್ಗೆ ಮಾತು ಬಂದದ, ಲೆಕ್ಕ ಓದು ಅಂದರು. ಕಾಕಿ ಸೆರಗಿಗೆ ಕೈ ಒರೆಸಿಕೊಂಡು ಒಂದೊಂದೇ ಹೆಸರು ಓದಿದರು. ಡಬ್ಬಿ ತೆಗೆದು ಎಣಿಸಿದರು. ಸರಿ ಇತ್ತು. ಬೈಕು ಮಗ ಕಂತಿನ ಮೇಲೆ ತಂದದ್ದು, ಅದೂ ಗೊತ್ತಾಯಿತು.

"ನಾ ಎಲ್ಲಿ ಅಂದೀನ್ರಿ, ಮಂದಿ ಅಂದದ್ದು ಹೇಳೀನಿ" ಅಂದರು ಮೊದಲು ಶುರು ಮಾಡಿದವರು. "ಮಂದಿ ಅಂದ್ರ ಯಾರವ್ವಾ? ಹೆಸರು ಹೇಳು, ಅವರ್ನೂ ಕರಸ್ತೀನಿ" ಅಂದರು ಆಯಿ. ಯಾವ ಹೆಸರೂ ಬರಲಿಲ್ಲ.

ಮುಂದಿನ ಕೆಲವು ದಿನ ಕಾಕಿ ಓಣಿಯ ಹೆಂಗಸರ ಜೊತೆ ಮಾತು ಬಿಟ್ಟರು. ಅವ್ವನ ಜೊತೆಯೂ ಬಿಟ್ಟರು. ಆ ಮಾತು ಆಡಿದಾಕೆಯ ಜೊತೆ ಮಾತ್ರ ಎಂದಿನ ಹಾಗೆ ಮಾತಾಡುತ್ತಿದ್ದರು. ಅವ್ವನಿಗೆ ತಡೆಯದೆ ಒಂದು ಸಂಜೆ ಹೋಗಿ ಕೇಳಿದರು. ಕಾಕಿ ಅಂದದ್ದು: "ಆಕಿ ಮ್ಯಾಲ ನನಗೇನು ಸಿಟ್ಟಿಲ್ಲಕ್ಕಾ. ಆಕಿ ಸ್ವಭಾವ ಹಂಗೇ ಅದ, ಎಲ್ಲರಿಗೂ ಗೊತ್ತದ. ನೀವೆಲ್ಲಾ ಕೇಳ್ಕೋತ ಕೂತಿದ್ರಲ್ಲ, ಅದಕ್ಕ."

ಭಿಶಿ ಇನ್ನೂ ನಡೆಯುತ್ತಿದೆ, ಲೆಕ್ಕ ಈಗಲೂ ಕಾಕಿಯದೇ. ಚೀಟಿ ಎತ್ತುವ ಮೊದಲು ವಹಿಯನ್ನು ಚಾಪೆಯ ನಡುವೆ ಬಿಚ್ಚಿ ಇಡುತ್ತಾರೆ, ಯಾರು ಬೇಕಾದರೂ ನೋಡಲಿ ಅಂತ. ಆ ಪದ್ಧತಿ ತಂದದ್ದೂ ಕಾಕಿಯೇ.